ವಿಭೂತಿ ಧರಿಸಿದ ಮೀನು

ಹುಡುಗನ ಮನೆ ನೋಡಿ ಬಾ ಎಂದು ಕಳಿಸಿದರೆ ಮೀನು ನೋಡಿ ಬಂದ ಎಂದು ಸಿದ್ದಲಿಂಗವ್ವ ತನ್ನ ಗಂಡನ ವಿಷಯ ಹೂಲಿಯ ಹೆಣ್ಣುಮಕ್ಕಳ ಮುಂದೆ ವರ್ಷಗಟ್ಟಲೆ ಆಡಿಕೊಂಡಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದಾನೆಪ್ಪ ನೋಡಿದ್ದು ಮೀನನ್ನೇ. ಆದರೆ ಮೊದಲ ಸಲ ನೋಡಿದಾಗ ಅವನೂ ಎಲ್ಲರ ಹಾಗೆ ಮೋಸಹೋಗಿದ್ದ. ಎಲ್ಲರಿಗಿಂತ ಒಂದು ಕೈ ಹೆಚ್ಚೇ ಮೋಸಹೋಗಿದ್ದ ಎನ್ನಬೇಕು.

ಅಂದಾನೆಪ್ಪ ಮಾತು ಕಡಿಮೆಯ ಮನುಷ್ಯ. ಹಗಲು ಹೊಲ, ದನ. ಸಂಜೆಯಾದರೆ ಊರ ಮಠದಲ್ಲಿ ಪುರಾಣ. ಓದಿ ತಿಳಿದವನಲ್ಲ, ಕೇಳಿ ತಿಳಿದವನು. ಶಾಸ್ತ್ರಿಗಳು ರಾಗ ಎಳೆದು ಪದ್ಯ ಹೇಳತೊಡಗಿದರೆ ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಶಿವನ ಎದುರು ನಿಂತ ಭಕ್ತನ ಮೈ ಗಡಗಡ ನಡುಗುವ ಪ್ರಸಂಗ ಬಂತೆಂದರೆ ಇವನ ಗದ್ದವೂ ನಡುಗುತ್ತಿತ್ತು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ಮಧು. ಸವದತ್ತಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಡಿಗ್ರಿ ಮುಗಿಸಿದ್ದಳು. ಬಂದ ಸಂಬಂಧಗಳು ಒಂದಿಲ್ಲೊಂದು ನೆಪಕ್ಕೆ ತಪ್ಪಿಹೋಗಿ ಸಿದ್ದಲಿಂಗವ್ವನ ಮುಖ ಸಣ್ಣದಾಗಿತ್ತು. ಅಂಥ ಹೊತ್ತಿನಲ್ಲಿ ಆಕೆಯ ತಮ್ಮ ಜಟ್ಟೆಪ್ಪ ರಾಮದುರ್ಗದ ನಿಜಗುಣಪ್ಪನವರ ಸುದ್ದಿ ತಂದ. ಹತ್ತಿ, ಗೋವಿನಜೋಳದ ವ್ಯಾಪಾರ, ಸ್ವಂತ ಲಾರಿಗಳು, ಕಿಸೆಯಲ್ಲಿ ಮೊಬೈಲು ಇಟ್ಟುಕೊಳ್ಳುವುದೇ ದೊಡ್ಡಸ್ತಿಕೆಯಾಗಿದ್ದ ಆ ವರ್ಷಗಳಲ್ಲಿ ಅವರ ಮನೆಯಲ್ಲಿ ತಂದೆಮಕ್ಕಳೆಲ್ಲರ ಕಿಸೆಯಲ್ಲೂ ಅದು ಇತ್ತು. ಹಿರಿಯ ಮಗನಿಗೆ ಮದುವೆಯಾಗಿದೆ. ಕಿರಿಯವ ವಿಜಯ, ಲಾರಿಗಳ ವ್ಯವಹಾರ ನೋಡುವವ. ಅವನಿಗೇ ಮಧುವನ್ನು ಕೇಳಿದ್ದರು. ಹುಡುಗಿ ನೋಡಿ ಹೋಗಿ ಒಪ್ಪಿಯೂ ಆಗಿತ್ತು. ಇನ್ನು ಹೆಣ್ಣಿನ ಕಡೆಯವರು ಮನೆ ನೋಡುವುದು ಬಾಕಿ.

ನಿಜಗುಣಪ್ಪನವರ ಪಡಸಾಲೆಗೆ ಕಾಲಿಟ್ಟರೆ ಈಶಾನ್ಯದ ಮೂಲೆಯಲ್ಲಿ, ದೇವರ ಜಗಲಿಯ ಮಗ್ಗುಲಿಗೇ, ಒಂದು ದೊಡ್ಡ ಗಾಜಿನ ಪೆಟ್ಟಿಗೆ. ಒಳಗೆ ಲೈಟು. ನೀರು ಗುಳುಗುಳು ಅನ್ನುತ್ತಿತ್ತು. ತಳದಲ್ಲಿ ಬಿಳಿ ಉಸುಕು, ಅಡ್ಡ ಮಲಗಿಸಿದ ಒಂದು ಮಣ್ಣಿನ ಕುಡಿಕೆ, ಅದರ ಬಾಯಲ್ಲಿ ಎರಡು ಮೀನು, ಮೇಲಿನ ಮೂಲೆಯಲ್ಲಿ ಇನ್ನೊಂದು ಸಣ್ಣದು.

ಮನೆ ನೋಡಲು ಜಟ್ಟೆಪ್ಪನ ಜೊತೆ ಬಂದು ಕೂತಿದ್ದ ಅಂದಾನೆಪ್ಪ ಎದ್ದು ಹತ್ತಿರ ಹೋದ. ಮೀನಿನ ಮೈಯೆಲ್ಲ ಕಾವಿ ಬಣ್ಣ. ಕಾವಿಯ ಮೇಲೆ ಬೆಳ್ಳಗೆ ಮೂರು ಪಟ್ಟೆ, ಒದ್ದೆ ಬೆರಳಿನಿಂದ ಈಗಷ್ಟೇ ಎಳೆದ ಹಾಗೆ. ಅವನ ಬಾಯಿಂದ ತಾನಾಗಿಯೇ "ಶಿವ ಶಿವಾ" ಎಂದು ಬಂತು.

"ನಿಮಗೂ ಹಂಗ ಅನಿಸ್ತಿಲ್ರಿ?" ಎಂದಳು ನಿಜಗುಣಪ್ಪನ ಹೆಂಡತಿ ರಾಚವ್ವ. ದೊಡ್ಡ ಆಳು, ಉಯ್ಯಾಲೆ ಮಂಚದ ತುಂಬ ಕೂತಿದ್ದಳು. "ವಿಭೂತಿ ಧರಿಸಿದ ಮೀನಾರಿ ಇವು. ಇಲ್ಲಂದ್ರ ಲಿಂಗ ಕಟ್ಟಿದವ್ರ ಮನ್ಯಾಗ ಮೀನಾ ಇಡತಿದ್ವೇನು? ವಾಸ್ತು ಹೇಳಾಂವ ಈಶಾನ್ಯಕ್ಕ ನೀರು ಇರಲಿ, ನೀರಾಗ ಜೀವ ಇರಲಿ ಅಂದ. ಮೊದಲ ನಾ ಹೇಸಿಗಿ ಅಂದಿದ್ದೆ. ನಮ್ಮ ವಿಜಯ ಇವನ್ನ ತಂದು ತೋರಿಸಿದ ಮ್ಯಾಲೆ ಬಾಯಿ ಮುಚ್ಚಿದೆ."

ವಿಜಯ ನಗುತ್ತ ಪಕ್ಕಕ್ಕೆ ಬಂದು ನಿಂತ. ತಿದ್ದಿದ ಮೀಸೆ, ಇಸ್ತ್ರಿಯ ಅಂಗಿ. ಮಾತಿಗೆ ಮುಂಚೆ ನಗು. "ಸಮುದ್ರದ್ದರಿ ಕಾಕಾರ. ಗೋವಾದಾಗ ತಂದೆ. ಸಿಹಿನೀರಾಗ ಬದುಕಂಗಿಲ್ಲ. ನಮ್ಮ ಲಾರಿ ಗೋವಾದಿಂದ ಖಾಲಿ ಬರೂ ಮುಂದ ಕ್ಯಾನಿನಾಗ ಉಪ್ಪುನೀರು ತುಂಬಿಸ್ಕೊಂಡ ಬರ್ತಾವ. ಸರ್ಕಸ್ಸಿನ್ಯಾಗ ಜೋಕರ್ ಇರ್ತಾನಲ್ಲ, ಅವನ ಹೆಸರು ಇವಕ್ಕ, ಕ್ಲೌನ್ ಅಂತಾರ. ನಮ್ಮವ್ವನ ಮುಂದ ಅನ್ನಬ್ಯಾಡ್ರಿ ಮತ್ತ."

"ಗಂಡು ಯಾವುದು, ಹೆಣ್ಣು ಯಾವುದು?" ಎಂದ ಜಟ್ಟೆಪ್ಪ.

"ಎಲ್ಲಾಕಿಂತ ದೊಡ್ಡದು ಐತಲ್ರಿ, ಅದು ಹೆಣ್ಣು. ಅದರ ಕೆಳಗಿಂದು ಗಂಡು. ಸಣ್ಣದು ಇನ್ನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಇವುಗಳ ರಾಜ್ಯದಾಗ ಹೆಣ್ಣಿಂದ ಕಾರಭಾರ."

"ನಮ್ಮ ಮನ್ಯಾಗೂ ಹಂಗ!" ಎಂದ ನಿಜಗುಣಪ್ಪ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ರಾಚವ್ವ ನಕ್ಕಳು.

ಆಗ ಅದು ನಡೆಯಿತು. ಕಿರುಬೆರಳಿನ ತುದಿಯಷ್ಟಿದ್ದ ಸಣ್ಣ ಮೀನು ಮೇಲಿನ ಮೂಲೆಯಿಂದ ಇಳಿದು ಕುಡಿಕೆಯ ಕಡೆಗೆ ಬಂತು. ದೊಡ್ಡವೆರಡು ತಿರುಗಿ ನೋಡಿದವು. ಸಣ್ಣದು ಅಲ್ಲೇ ನಿಂತು, ತಲೆ ತಗ್ಗಿಸಿ, ಮೈಯೆಲ್ಲ ಗಡಗಡ ನಡುಗಿಸಿತು. ಚಳಿಜ್ವರ ಬಂದವರ ಹಾಗೆ ನಡುಗಿ ನಡುಗಿ, ಒಂದು ಮಗ್ಗುಲಿಗೆ ವಾಲಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯಿತು.

ಅಂದಾನೆಪ್ಪನ ಕಣ್ಣಲ್ಲಿ ನೀರು ಬಂತು. "ಇದು ಶರಣಾಗತಿ," ಎಂದ. ಅಷ್ಟು ಜನರ ನಡುವೆ ತಾನು ಮಾತಾಡುತ್ತಿದ್ದೇನೆ ಎಂಬುದೇ ಅವನಿಗೆ ಮರೆತಿತ್ತು. "ಗುರುವಿನ ಮುಂದ ಶಿಷ್ಯನ ಮೈ ನಡಗತೈತಿ ಅಂತ ಪುರಾಣದಾಗ ಕೇಳ್ತೀವಲ್ಲ, ಅದ ಇದು. ಮೂಕಜೀವಕ್ಕ ಯಾರು ಕಲಿಸಿದ್ರು?"

ನಿಜಗುಣಪ್ಪ ಕೂತಲ್ಲೇ ಗಾಜಿನ ಪೆಟ್ಟಿಗೆಗೆ ಕೈಮುಗಿದ. "ಇಷ್ಟ ದಿವಸ ನಾವು ನೋಡತಿದ್ವಿ, ನಮಗ ತಿಳಿದಿದ್ದಿಲ್ಲ ನೋಡ್ರಿ. ಕೇಳಿದ ಕಿವಿ ಬೇಕು ಅದಕ."

ಹೊಗಳಿಕೆ ಅಂದಾನೆಪ್ಪನಿಗೆ ರೂಢಿಯಿಲ್ಲದ್ದು. ಬೆಲ್ಲದ ಚೂರಿನ ಹಾಗೆ ಅದನ್ನು ಬಾಯಲ್ಲಿಟ್ಟುಕೊಂಡು ಕೂತ. ಅಷ್ಟರಲ್ಲಿ ಹಿರಿಯ ಸೊಸೆ ನಾಗರತ್ನಾ ಚಹಾ ತಂದಳು. ಮಧ್ಯಾಹ್ನ ಇಳಿಯುವ ಹೊತ್ತು. ಆದರೂ ಆಕೆಯ ತಲೆಗೂದಲು ಒದ್ದೆ. ಬಂದವರಿಗೆ ಚಹಾ ಕೊಡಲೂ ಜಳಕ ಮಾಡಿ ಬರುವ ಸೊಸೆ! ಎಂಥ ಮಡಿಯ ಮನೆತನ ಎಂದುಕೊಂಡ ಅಂದಾನೆಪ್ಪ. ಕಪ್ಪು ಇಡುವಾಗ ಆಕೆಯ ಕೈಯಿಂದ ಎಂಥದೋ ಒಂದು ವಾಸನೆ ಸುಳಿಯಿತು. ಪೆಟ್ಟಿಗೆಯ ನೀರಿನದಿರಬೇಕು ಎಂದು ಸುಮ್ಮನಾದ.

ಹೂಲಿಗೆ ಬಂದು ಅವನು ಮನೆಯ ಸುದ್ದಿ ಹೇಳಲೇ ಇಲ್ಲ. ಮೀನಿನದೇ ಹೇಳಿದ. ಸಿದ್ದಲಿಂಗವ್ವ ಅಡುಗೆಮನೆ ಎಷ್ಟು ದೊಡ್ಡದು, ಹಿತ್ತಲಲ್ಲಿ ಬಾವಿ ಐತೋ ನಳ ಐತೋ ಎಂದು ಕೇಳಿ ಕೇಳಿ ಸೋತು, "ಹೋಗ್ಲಿ, ಒಳ್ಳೇ ಮಂದಿ ಅಂತೀರಿಲ್ಲೋ?" ಎಂದಳು.

"ಒಳ್ಳೇ ಮಂದಿ. ಮೀನಾ ಸುದ್ದಾ ಶರಣ ಆಗೇತಿ ಆ ಮನ್ಯಾಗ."

ಮಧು ಹಿತ್ತಲಲ್ಲಿ ದನಗಳಿಗೆ ಮೇವು ಹಾಕಿ ಬಂದು ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದಳು. ಕಾಲಿಗೆ ಹತ್ತಿದ ಕಸ ಕೀಳುತ್ತ, "ಅಪ್ಪಾ, ಆ ಸಣ್ಣ ಮೀನಾ ಉಣ್ಣತೈತೇನು?" ಎಂದಳು.

"ಉಣ್ಣದ ಇರತೈತೇನು?"

"ನೀ ನೋಡಿದಿ?"

ಅಂದಾನೆಪ್ಪ ನೋಡಿರಲಿಲ್ಲ.

"ನಮ್ಮ ಕೆಂದಾಕಳ ಮುಂದ ಆ ಬಡಕ ಕರಿ ಆಕಳ ಹಿಂಗ ನಡಗತಿತ್ತಲ್ಲ, ನೆನಪೈತೇನು? ನಾವು ಅಂಜಿಕಿ ಅಂತ ನಕ್ಕೋತ ಇದ್ವಿ. ಗ್ವಾದಲ್ಯಾಗ ಬಾಯಿ ಹಾಕಾಕ ಬಿಡತಿದ್ದಿಲ್ಲ ಅಂತ ಗೊತ್ತಾಗೂದ್ರಾಗ ಅದರ ಎಲುವು ಎಣಿಸೂ ಹಂಗ ಆಗಿತ್ತು."

"ಆಕಳ ಬ್ಯಾರೆ, ಇದು ಬ್ಯಾರೆ."

"ಇರಲಿ. ಮತ್ತೊಮ್ಮಿ ಹೋದಾಗ ನೋಡಿ ಬಾ. ಅದು ಹೊಟ್ಟಿ ತುಂಬ ಉಂಡ್ರ ನಾ ಹೂಂ ಅಂತೇನಿ."

"ಹುಚ್ಚಿ! ಯಾರರ ಕೇಳಿದ್ರ ನಗತಾರ," ಎಂದು ಸಿದ್ದಲಿಂಗವ್ವ ಒಳಗಿನಿಂದ ಒದರಿದಳು. ಮಧುವೂ ನಕ್ಕಳು. ಆದರೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿ, "ಖರೇನ ನೋಡ ಅಪ್ಪಾ," ಎಂದಳು.

"ನೋಡತೇನಿ," ಎಂದ ಅಂದಾನೆಪ್ಪ. "ನೋಡಿದ ಮ್ಯಾಲೆ ಸಕ್ಕರಿ ತಿಂತೇನಿ."

ಸಕ್ಕರೆಯ ದಿನ ಗೊತ್ತಾಯಿತು. ಹೆಣ್ಣಿನ ತಂದೆ, ಗಂಡಿನ ತಂದೆ ಎಲೆ ಅಡಿಕೆ ಕೈಬದಲು ಮಾಡಿ, ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆಂದರೆ ಮುಗಿಯಿತು, ಮಾತು ಆದ ಹಾಗೆಯೇ. ಅದಾದ ಮೇಲೆ ಪಂಕ್ತಿಯ ಊಟ. ಅದಕ್ಕೂ ಮುಂಚೆ ಹೆಣ್ಣಿನ ಕಡೆಯವರು ಆ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಸಕ್ಕರೆ ನುಂಗಿದ ಮೇಲೆ ಹಿಂದೆ ಸರಿದವನನ್ನು ಯಾವ ಊರಿನ ಹಿರಿಯರೂ ಮನುಷ್ಯ ಎನ್ನುವುದಿಲ್ಲ.

ಅಂದಾನೆಪ್ಪ, ಜಟ್ಟೆಪ್ಪ ಬಸ್ಸಿಳಿದು ಹೋಗುವಾಗ ನಿಜಗುಣಪ್ಪನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಪೇಟೆಯ ವ್ಯಾಪಾರಸ್ಥರು ಒಂದು ಹಿಂಡು ಬಂದು ಕೂತಿದ್ದರು. "ಬರ್ರಿ ಬರ್ರಿ, ಇವರ ನೋಡ್ರಿ ಅವರು," ಎಂದು ನಿಜಗುಣಪ್ಪ ಅಂದಾನೆಪ್ಪನ ಕೈಹಿಡಿದು ಒಳಗೆ ಕರೆದ. "ಮೀನಿನ ಶರಣಾಗತಿ ಕಂಡವರು. ಇವರ ಮಾತು ಕೇಳಿದ ಮ್ಯಾಲೆ ದಿನಾ ಮಂದಿ ನೋಡಾಕ ಬರಾಕ ಹತ್ತ್ಯಾರ."

ಗಾಜಿನ ಮೇಲೆ ಯಾರೋ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ಮುಂದೆ ಒಂದು ತೆಂಗಿನಕಾಯಿ, ನಾಲ್ಕು ಕಣಗಿಲೆ ಹೂವು. ಹತ್ತಿರ ಹೋದರೆ ಪೆಟ್ಟಿಗೆಯ ಅಂಚಿಗೆಲ್ಲ ಉಪ್ಪು ಕಟ್ಟಿ ಹುಣ್ಣಿನ ಹಕ್ಕಳೆಯ ಹಾಗೆ ಬೆಳ್ಳಗೆ ಎದ್ದಿತ್ತು. ಗಾಜಿನ ಒಳಗೆ ಕಂದು ಲೋಳೆ. ಹಳೆಯ ಗಾಯಕ್ಕೆ ಕಟ್ಟಿದ ಬಟ್ಟೆಯ ವಾಸನೆ. ಮೊದಲ ಸಲ ಇದೆಲ್ಲ ಎಲ್ಲಿ ಹೋಗಿತ್ತು ಎಂದುಕೊಂಡ ಅಂದಾನೆಪ್ಪ.

ಸಣ್ಣ ಮೀನು ಕಾಣಲಿಲ್ಲ. ಹುಡುಕಿದ. ಮೇಲಿನ ಮೂಲೆಯಲ್ಲಿ, ನೀರೆಳೆಯುವ ನಳಿಕೆಯ ಹಿಂದೆ, ಗಾಜಿಗೆ ಮೈ ಒತ್ತಿಕೊಂಡು ನಿಂತಿತ್ತು. ಬಾಲ ಇಲಿ ಕಡಿದ ಬಟ್ಟೆಯ ಹಾಗೆ ಚಿಂದಿ. ಒಂದು ಬದಿಯ ವಿಭೂತಿ ಪಟ್ಟೆ ಕಿತ್ತುಹೋಗಿ ಅಲ್ಲಿ ಕೆಂಪು ಮಾಂಸ ಕಾಣುತ್ತಿತ್ತು.

ಅವನಿಗೆ ಮಗಳ ಮಾತು ನೆನಪಾಯಿತು. "ತಮ್ಮಾ, ಇವು ಉಣ್ಣೂದು ಯಾವಾಗ?" ಎಂದು ವಿಜಯನನ್ನು ಕೇಳಿದ.

"ಈಗ ತೋರಸ್ತೇನಿ ತಡೀರಿ ಕಾಕಾರ. ವೈನೀ! ಡಬ್ಬಿ ತಗೊಂಡ್ ಬರ್ರಿ!"

ನಾಗರತ್ನಾ ಹಿತ್ತಲ ಬಾಗಿಲಿನಿಂದ ಒಂದು ತಗಡಿನ ಡಬ್ಬಿ ಹಿಡಿದು ಬಂದಳು. ಬಂದ ಕೂಡಲೇ ಕೂತವರು ಧೋತರ ಎಳೆದುಕೊಂಡು ಅತ್ತಿತ್ತ ಸರಿದರು. ರಾಚವ್ವ ಮೂಗಿಗೆ ಸೆರಗು ಹಿಡಿದು, "ಜಗಲಿ ಕಡೆ ಹಾಯಬ್ಯಾಡ, ಆ ಬಾಜೂಕಿಂದ ಬಾ," ಎಂದಳು. ಡಬ್ಬಿಯ ಮುಚ್ಚಳ ತೆಗೆದದ್ದೇ ಪಡಸಾಲೆಯ ತುಂಬ ನಾತ ಎದ್ದಿತು. ಒಳಗೆ ಒಣ ಸಿಗಡಿ. ಕತ್ತರಿಸಿ ಹಾಕಿದ ಉಗುರುಗಳ ರಾಶಿಯ ಹಾಗಿತ್ತು. ಅದರಲ್ಲಿ ಕರಿ ಚುಕ್ಕಿಯ ಕಣ್ಣುಗಳು. ಆಕೆ ಅದನ್ನು ಬೆರಳಲ್ಲಿ ಪುಡಿಮಾಡಿ ನೀರಿಗೆ ಉದುರಿಸಿದಳು. ಜಗಲಿಯ ಮೇಲಿನ ಊದುಬತ್ತಿಯ ಹೊಗೆಯೂ ಇದೂ ಕೂಡಿ ಬಂದಾಗ ಅಂದಾನೆಪ್ಪ ಧೋತರದ ಚುಂಗು ಮೂಗಿಗೆ ಒತ್ತಿಕೊಂಡ.

ದೊಡ್ಡ ಮೀನು ಬಂದು ತಿಂದಿತು. ಅವಸರವಿಲ್ಲ, ಯಜಮಾನಿಯ ಊಟ. ನಡುವಿನದು ಅದರ ಬಾಯಿಂದ ಉಳಿದದ್ದನ್ನು ತಿಂದಿತು. ಚೂರುಗಳು ತೇಲಿ ಮೇಲಿನ ಮೂಲೆಗೂ ಹೋದವು. ಸಣ್ಣದು ಒಂದು ಚೂರಿಗೆ ಬಾಯಿ ಚಾಚಿತು, ಅಷ್ಟೇ. ನಡುವಿನದು ಬಾಣದ ಹಾಗೆ ಏರಿ ಬಂದು ಅದರ ಹೊಟ್ಟೆಗೆ ಬಾಯಿ ಹಾಕಿತು. ಸಣ್ಣದು ನಡುಗಿತು. ಅದೇ ನಡುಕ. ತಲೆ ತಗ್ಗಿಸಿ, ಗಡಗಡ ನಡುಗಿ, ಮಗ್ಗುಲಾಗಿ ಸತ್ತವರ ಹಾಗೆ ಬಿದ್ದುಕೊಂಡಿತು. ನಡುವಿನದು ಬಿಡಲಿಲ್ಲ. ಬಾಲ ಹಿಡಿದು ಜಗ್ಗಿತು. ಕಿತ್ತ ಚರ್ಮದ ಒಂದು ಬಿಳಿ ಎಳೆ ನೀರಲ್ಲಿ ತೇಲಿತು. ಅದನ್ನೂ ನುಂಗಿತು.

"ಆಹಾ, ಶರಣಾಗತಿ!" ಎಂದು ಒಬ್ಬ ವ್ಯಾಪಾರಸ್ಥ ಎರಡೂ ಕೈ ಎತ್ತಿ ಮುಗಿದ.

ತನ್ನದೇ ಮಾತು. ಯಾರೋ ಅಗಿದು ಉಗುಳಿದ್ದನ್ನು ತಿರುಗಿ ಬಾಯಿಗೆ ಇಟ್ಟ ಹಾಗಾಯಿತು ಅಂದಾನೆಪ್ಪನಿಗೆ.

"ಕಚ್ಚಾಕ ಹತ್ತೇತಲ್ಲೋ ತಮ್ಮಾ ಅದು," ಎಂದ.

"ಕಚ್ಚತೈತ್ರಿ." ವಿಜಯ ನಕ್ಕ. "ದೊಡ್ಡದೇನೂ ಮಾಡಂಗಿಲ್ಲ ಸಣ್ಣದಕ್ಕ. ಈ ನಡೂಕಿಂದ ಐತಲ್ಲ, ಇದ ಹರಾಮಿ. ದೊಡ್ಡದರ ಕಡೆ ಬಡಿಸ್ಕೊಂತೈತಿ, ಬಂದು ಇದರ ಮ್ಯಾಲೆ ತೀರಿಸ್ಕೊಂತೈತಿ. ಹೋದ ಸಲದ ಸಣ್ಣದನ್ನ ಹಿಂಗ ಕಚ್ಚಿ ಕಚ್ಚಿ ಕೊಂದಹಾಕ್ತು. ಮುಂಜಾನೆ ನೋಡತೇನಿ, ಕಣ್ಣು ಎರಡೂ ತಿಂದು ಮುಗಿಸಿದ್ವು."

"ಮತ್ತ ಯಾಕ ಇನ್ನೊಂದು ತಂದಿ?"

ವಿಜಯನಿಗೆ ಇದೂ ಒಂದು ಪ್ರಶ್ನೆಯೇ ಎನಿಸಿರಬೇಕು. "ಸಣ್ಣದೊಂದು ಇರಬೇಕ್ರಿ ಕಾಕಾರ. ಅದಿಲ್ಲಂದ್ರ ಇವೆರಡೂ ತಮ್ಮ ತಮ್ಮಾಗ ಕಚ್ಚಾಡತಾವ. ಅದು ಇದ್ರ ಇವು ಸುಮ್ನ ಇರ್ತಾವ. ಮನಿ ಶಾಂತ." ಮತ್ತೆ ನಕ್ಕ. ಒಳ್ಳೆಯ ಹಲ್ಲುಗಳು ಅವನವು. "ಇದು ಹೋದ್ರ ಮತ್ತೊಂದು. ಗೋವಾಕ್ಕ ಹೋಗೂದು ಇದ್ದ ಐತಿ."

ಅಂದಾನೆಪ್ಪ ಮುಖ ತೊಳೆದು ಬರುತ್ತೇನೆ ಎಂದು ಹಿತ್ತಲಿಗೆ ನಡೆದ.

ಬಚ್ಚಲ ಕಲ್ಲಿನ ಮೇಲೆ ನಾಗರತ್ನಾ ಕೈಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಬೆರಳ ಸಂದುಗಳೆಲ್ಲ ಬಿಳಿಚಿ ಬಿರುಕುಬಿಟ್ಟಿದ್ದವು. ಇವನನ್ನು ನೋಡಿ ಎದ್ದು ಸೆರಗು ಹೊದ್ದು, ತಂಬಿಗೆಯಲ್ಲಿ ನೀರು ತುಂಬಿ ದೂರದಿಂದಲೇ ಕಲ್ಲಿನ ಮೇಲಿಟ್ಟಳು. ಕೈಗೆ ಕೊಡಲಿಲ್ಲ.

"ಈಗ ಮತ್ತ ಜಳಕ ಮಾಡಬೇಕೇನ ತಂಗಿ?"

"ಡಬ್ಬಿ ಮುಟ್ಟಿದಾಗೊಮ್ಮಿ ಮಾಡಬೇಕಲ್ರಿ. ಇಲ್ಲಂದ್ರ ಅಡಿಗಿಮನಿಗೆ ಹೋಗೂ ಹಂಗಿಲ್ಲ."

"ಮೀನಾ ತಂದಾಂವ ವಿಜಯ. ಅಂವ ಹಾಕಬಾರದೇನು?"

"ಗಂಡಸೂರು ಲಿಂಗಪೂಜಿ ಮಾಡೂ ಕೈಲೆ ಹೆಂಗ ಮುಟ್ಟತಾರ್ರಿ?" ತನ್ನ ಕೊರಳಲ್ಲೂ ಲಿಂಗವಿದೆ ಎಂಬುದು ಆಕೆಯ ದನಿಯಲ್ಲಿ ಎಲ್ಲೂ ಇರಲಿಲ್ಲ.

ಬಚ್ಚಲ ಗೋಡೆಯ ಮಾಡದಲ್ಲಿ ಸಿಗಡಿಯ ಡಬ್ಬಿ. ಅದರ ಮಗ್ಗುಲಿಗೇ ಬೋರಲು ಹಾಕಿದ ಒಂದು ತಾಟು, ಒಂದು ಬಟ್ಟಲು. ಅಂದಾನೆಪ್ಪ ತಾಟನ್ನೇ ನೋಡುತ್ತಿದ್ದುದನ್ನು ಆಕೆ ನೋಡಿದಳು. "ನಂದರಿ. ಕೈ ವಾಸ್ನಿ ಬಡೀತೈತಿ ಅಂತ ಅತ್ತಿ ಪಂಕ್ತಿಗೆ ಕರಿಯಂಗಿಲ್ಲ. ಎಲ್ಲಾರದೂ ಮುಗದ ಮ್ಯಾಲೆ ಇಲ್ಲೇ ಉಣತೇನಿ."

ಆ ಕಲ್ಲಿನ ಮೇಲೆ, ಆ ನಾತದ ಮಗ್ಗುಲಿಗೆ, ಬಚ್ಚಲ ನೀರು ಹರಿಯುವಲ್ಲಿ. ಅಂದಾನೆಪ್ಪನಿಗೆ ಹೇಸಿಗೆಯಾಯಿತು. ಅದರ ಜೊತೆಗೆ ಆಕೆಯ ಮೇಲೆ ಮರುಕವೂ ಉಕ್ಕಿತು. ಯಾವ ಮನೆಯ ಮಗಳೋ, ಯಾವ ತಾಯಿ ಹೆತ್ತದ್ದೋ. ಏನಾದರೂ ಒಂದು ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ನಾಗರತ್ನಾಳ ಮುಖ ಅರಳಿತು. ಅವನು ಆ ಮನೆಯಲ್ಲಿ ಆಕೆ ನಕ್ಕಿದ್ದನ್ನು ಕಂಡದ್ದು ಅದೇ ಮೊದಲು.

"ಇನ್ನೇನ್ ಬಿಡ್ರಿ, ಮುಗೀತು ನನ್ನ ಪಾಳಿ," ಎಂದಳು ಗುಟ್ಟು ಹೇಳುವ ದನಿಯಲ್ಲಿ. "ಮಧು ಬಂದ್ಲಂದ್ರ ಡಬ್ಬಿ ಆಕೀದು. ಅತ್ತಿ ಮಾತು ಕೊಟ್ಟಾರ. ನಾ ಪಂಕ್ತ್ಯಾಗ ಕುಂದರತೇನಿ. ಲಗೂನ ಕಳಸ್ರಿ ಕಾಕಾರ ಮಗಳನ್ನ, ಬಾಳ ದಿನ ಇಟ್ಕೋಬ್ಯಾಡ್ರಿ."

ಅಂದಾನೆಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಮೊದಮೊದಲ ವಾಕರಿಕಿ ಬರತೈತಿ. ಅಳತಾಳ. ಅಳಲ್ಯಾಕ, ನಾ ಅತ್ತಿಲ್ಲೇನು? ಡಿಗ್ರಿ ಕಲ್ತಾಳಂತಲ್ಲ ಬ್ಯಾರೆ. ಕಲ್ತ ಕೈಗೂ ಅದ ವಾಸ್ನಿ ಹತ್ತತೈತಿ. ನಾ ಕಲಸ್ತೇನಿ ಆಕಿಗೆ, ಹೆಂಗ ಕಲಸಬೇಕು ಹಂಗ." ಹೇಳುತ್ತ ಹೇಳುತ್ತ ಆಕೆಯ ಬಿರಿದ ಬೆರಳು ಮಾಡದಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚುತ್ತಿತ್ತು. ಕಣ್ಣುಗಳು ಹೊಳೆಯುತ್ತಿದ್ದವು. ಹಸಿದ ಕಣ್ಣುಗಳು. ಅಂದಾನೆಪ್ಪ ಅವನ್ನು ಆಗಷ್ಟೇ ಗಾಜಿನ ಆಚೆ ನೋಡಿ ಬಂದಿದ್ದ.

ಮರುಕ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬರೀ ಹೇಸಿಗೆ ಉಳಿಯಿತು. ಆಕೆಯ ಮೇಲೆ, ಆ ಡಬ್ಬಿಯ ಮೇಲೆ, ಆ ಮನೆಯ ವಿಭೂತಿಯ ಮೇಲೆ. ಇಂಥದ್ದನ್ನು ನೋಡಿ ಕಣ್ಣೀರು ಹಾಕಿ ಹೆಸರಿಟ್ಟುಕೊಟ್ಟ ತನ್ನ ಬಾಯಿಯ ಮೇಲೆ. ತಂಬಿಗೆಯ ನೀರನ್ನು ಮುಖಕ್ಕೆ ಹಾಕಿಕೊಳ್ಳಲೂ ಕೈ ಬರಲಿಲ್ಲ. ಹಾಗೆಯೇ ಒಳಗೆ ಬಂದ.

ಒಳಗೆ ತಾಟುಗಳು ಹರವಿ ಆಗಿತ್ತು. ನಿಜಗುಣಪ್ಪ ಎಲೆ ಅಡಿಕೆಯ ತಬಕು ಮುಂದಿಟ್ಟುಕೊಂಡು ಕೂತಿದ್ದ. "ಬರ್ರಿ ಬೀಗರ, ಹೊತ್ತು ಮೀರತೈತಿ," ಎಂದು ಬೆಳ್ಳಿಯ ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಅಂದಾನೆಪ್ಪನ ಬಾಯಿಯ ಹತ್ತಿರ ತಂದ.

ಅಂದಾನೆಪ್ಪ ಬಾಯಿ ತೆರೆಯಲಿಲ್ಲ.

"ತಗೋರಿ."

ಸಕ್ಕರೆ ತುಟಿಗೆ ತಾಗಿತು. ಬೆರಳು ಸಿಗಡಿ ಮುಟ್ಟಿದ್ದಲ್ಲ, ಅದು ಅವನಿಗೆ ಗೊತ್ತಿತ್ತು. ಆದರೂ ಅದೇ ನಾತ. ಮುಖ ತಿರುಗಿಸಿ ತುಟಿ ಒರೆಸಿಕೊಂಡ. "ಒಲ್ಲೆ," ಎಂದ.

"ಒಲ್ಲೆ ಅಂದ್ರ?"

"ಮಗಳನ್ನ ಕೊಡಂಗಿಲ್ಲ."

ಜಟ್ಟೆಪ್ಪ ಹಾವು ತುಳಿದವನ ಹಾಗೆ ಎದ್ದು, "ಮಾಮಾ! ಏನ್ ಮಾತು ಇದು! ತಲಿ ತಿರುಗಿತೇನು?" ಎಂದು ತೋಳು ಹಿಡಿದ. ವ್ಯಾಪಾರಸ್ಥರು ಒಬ್ಬರ ಮುಖ ಒಬ್ಬರು ನೋಡಿದರು. ರಾಚವ್ವ ಉಯ್ಯಾಲೆಗೆ ಕಾಲು ಕೊಟ್ಟು ನಿಲ್ಲಿಸಿದಳು.

"ನಮ್ಮ ಹುಡುಗನ್ಯಾಗ ಏನ್ ಕೊರತಿ ಕಂಡ್ರಿ?" ಆಕೆಯ ದನಿ ಬೆಣ್ಣೆಯ ಹಾಗೆಯೇ ಇತ್ತು.

"ಹುಡುಗಗ ನಾ ಏನೂ ಅನ್ನಂಗಿಲ್ರಿ ಯವ್ವಾ. ನನ್ನ ಮಗಳು ಒಂದು ಮಾತು ಕೇಳಿ ಕಳಿಸಿದ್ಲು. ಆ ಸಣ್ಣ ಮೀನಾ ಉಣ್ಣತೈತೇನು ನೋಡಿ ಬಾ ಅಂದಿದ್ಲು. ನೋಡಿದೆ. ಉಣ್ಣಂಗಿಲ್ಲ ಅದು."

ರಾಚವ್ವ ನಕ್ಕಳು. "ಕೇಳಿದ್ರೆಪಾ? ಹೂಲಿಯವ್ರು ವರ ನೋಡಿ ಹೆಣ್ಣು ಕೊಡಂಗಿಲ್ಲಂತ, ಮೀನಾ ನೋಡಿ ಕೊಡತಾರಂತ!" ಪಡಸಾಲೆಯೆಲ್ಲ ನಕ್ಕಿತು. ವಿಜಯನೂ ನಕ್ಕ. ಅವನಿಗೆ ಅವಮಾನವಾದ ಹಾಗೆಯೂ ಕಾಣಲಿಲ್ಲ. ಒಂದು ಅಂಗಡಿಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ ಎನ್ನುವವನ ನಗು. ನಿಜಗುಣಪ್ಪ ಮಾತ್ರ ಬೆರಳಿಗೆ ಹತ್ತಿದ ಸಕ್ಕರೆಯನ್ನು ಏನು ಮಾಡಬೇಕೆಂದು ತಿಳಿಯದೆ ಕೈ ಹಾಗೇ ಹಿಡಿದುಕೊಂಡು ಕೂತಿದ್ದ.

ಹಿತ್ತಲ ಬಾಗಿಲಲ್ಲಿ ನಾಗರತ್ನಾ ನಿಂತಿದ್ದಳು. ತಲೆಯಿಂದ ನೀರು ಸೋರುತ್ತಿತ್ತು. ಪಂಕ್ತಿಗೆ ಬಡಿಸಲು ಅವಸರದಲ್ಲಿ ಎರಡು ತಂಬಿಗೆ ನೀರು ಸುರಿದುಕೊಂಡು ಬಂದಿದ್ದಳು. ಕೇಳಿಸಿಕೊಂಡಿದ್ದಳು. ಉಣ್ಣಲು ಕೂತವರ ಮುಂದಿನ ತಾಟನ್ನು ಕಿತ್ತುಕೊಂಡರೆ ಹೇಗೆ ನೋಡುತ್ತಾರೋ ಹಾಗೆ ಅಂದಾನೆಪ್ಪನನ್ನು ನೋಡಿದಳು.

'ಹಿರೇ ಸೊಸಿನ್ನ ಪಂಕ್ತಿಗೆ ಕರೀರಿ.' ಇಷ್ಟೇ ಮಾತು. ಅಂದಾನೆಪ್ಪನ ನಾಲಗೆಯ ಮೇಲೆ ಬಂದಿತ್ತು. ಮೀನಿನ ಭಕ್ತಿಯ ಬಗ್ಗೆ ಅಷ್ಟು ಚಂದ ಮಾತಾಡಿದ್ದ ನಾಲಗೆ ಇದಕ್ಕೆ ಏಳಲಿಲ್ಲ. ಚಪ್ಪಲಿಗಳ ರಾಶಿಯಲ್ಲಿ ತನ್ನವನ್ನು ಹುಡುಕಿ ಮೆಟ್ಟಿಕೊಂಡು ಇಳಿದ.

ಬಸ್ಸಿನಲ್ಲಿ ಜಟ್ಟೆಪ್ಪ ದಾರಿಯುದ್ದಕ್ಕೂ ಬೈದ. "ನನ್ನ ಮುಖಕ್ಕ ಮಸಿ ಬಳದಿ. ಮೀನಾ ಅಂತ, ಮೀನಾ! ಅದರ ಬದಲಿ ಜಾತಕ ಕೂಡಂಗಿಲ್ಲ ಅಂದಿದ್ರ ನಡೀತಿದ್ದಿಲ್ಲೇನು?" ಬೈದು ಬೈದು ಸಾಕಾಗಿ ನಿದ್ದೆ ಹೋದ. ಅಂದಾನೆಪ್ಪ ಕಿಟಕಿಗೆ ಮುಖ ಕೊಟ್ಟು ಕೂತ. ಮತ್ತೆ ಮತ್ತೆ ತುಟಿ ಒರೆಸಿಕೊಂಡ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಧು ಕಾಲಿಗೆ ನೀರು ಕೊಟ್ಟ ತಂಬಿಗೆ ಹಿಡಿದೇ ಕೇಳಿದಳು: "ಉಂಡಿತೇನ ಅಪ್ಪಾ?"

"ಇಲ್ಲವ್ವಾ."

ಆಕೆ ತಲೆದೂಗಿ ಒಳಗೆ ಹೋದಳು. ಸಿದ್ದಲಿಂಗವ್ವ ಸುದ್ದಿ ಕೇಳಿ ಅತ್ತಳು, ಬೈದಳು, ಹಣೆ ಚಚ್ಚಿಕೊಂಡಳು. ಬೆಳಗಿನಿಂದ ಗಂಡ ಏನೂ ತಿಂದಿಲ್ಲ ಎಂದು ತಿಳಿದು ಮೂಗು ಒರೆಸಿಕೊಂಡು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಬಡಿತದಲ್ಲೇ ಸಿಟ್ಟು ಗೊತ್ತಾಗುತ್ತಿತ್ತು.

ಅಂದಾನೆಪ್ಪ ತಾಟಿನ ಮುಂದೆ ಕೂತ. "ನೀವೂ ಬರ್ರಿ," ಎಂದ. "ಎಲ್ಲಾರೂ ಕೂಡೇ ಉಣ್ಣೂಣು."

ಸಿದ್ದಲಿಂಗವ್ವ ತಿರುಗಿ ನೋಡಿದಳು. "ಹಂಚಿನ ಮ್ಯಾಲಿನ ರೊಟ್ಟಿ ಯಾರು ತಗೀತಾರ? ನಿಮ್ಮ ಮೀನಾ ಬಂದು ತಗೀತೈತೇನು?"

ಮಧುವಿಗೆ ನಗು ತಡೆಯಲಾಗಲಿಲ್ಲ. ಬಿಸಿ ರೊಟ್ಟಿ, ಮೇಲೆ ಪುಂಡಿಪಲ್ಯ ತಂದು ಅಪ್ಪನ ತಾಟಿಗೆ ಹಾಕಿ, ಸೌಟು ಹಿಡಿದು ಗೋಡೆಗೆ ಆನಿಕೊಂಡು ನಿಂತಳು.

ಮಠದ ಮೈಕು ಗುರುಗುಟ್ಟಿ ಪುರಾಣ ಶುರುವಾಯಿತು. ಇಷ್ಟು ವರ್ಷದಲ್ಲಿ ಊರಲ್ಲಿದ್ದೂ ಅವನು ಕಂಬದ ಹತ್ತಿರ ಇಲ್ಲದ ಸಂಜೆ ಇದೇ ಇರಬೇಕು. ಶಾಸ್ತ್ರಿಗಳ ರಾಗ ಅಡುಗೆಮನೆಯ ತನಕ ಬಂತು. ಅವನಿಗೆ ಪ್ರತಿ ಪದ್ಯ ಗೊತ್ತು. ಮುಂದೆ ಯಾವ ಪದ್ಯ ಎಂಬುದೂ ಗೊತ್ತು. ಭಕ್ತನ ಮೈ ನಡುಗುವ ಜಾಗ ಬಂತು. ಕಣ್ಣಲ್ಲಿ ನೀರು ಬರಲಿಲ್ಲ. ನಳಿಕೆಯ ಹಿಂದೆ ಗಾಜಿಗೆ ಒತ್ತಿಕೊಂಡ ಚಿಂದಿ ಬಾಲ ಬಂತು. ಈ ಹೊತ್ತಿಗೆ ಅಲ್ಲಿ ರಾತ್ರಿಯ ಪಂಕ್ತಿ ಎದ್ದಿರಬೇಕು. ಬಚ್ಚಲ ಕಲ್ಲಿನ ಮೇಲೆ ಆ ತಾಟು ಮುಂದಿಟ್ಟುಕೊಂಡು ಆಕೆ ಕೂತಿರಬೇಕು, ಇವನನ್ನು ಶಪಿಸುತ್ತ.

ರೊಟ್ಟಿ ಗಂಟಲಲ್ಲಿ ಇಳಿಯಲಾರದು ಎಂದುಕೊಂಡಿದ್ದ. ಇಳಿಯಿತು. ಹಸಿವಾಗಿತ್ತು, ಇಳಿಯಿತು. ತನ್ನ ದವಡೆಗಳು ಅಗಿಯುವ ಸದ್ದು ಕೇಳಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ತಲೆ ಎತ್ತಿದ. ಮಧು ಇನ್ನೂ ನಿಂತೇ ಇದ್ದಳು. ಅವನ ತಾಟು ಖಾಲಿಯಾಗುವುದನ್ನು ಕಾಯುತ್ತ.

"ಇನ್ನೊಂದು ಹಾಕಲೇನ ಅಪ್ಪಾ?"

"ನೀ ಉಂಡಿ?"

"ನಿಂದಾಗಲಿ ತಡಿ."

ಅವನು ಕೈ ತೊಳೆಯಲಿಲ್ಲ, ಏಳಲೂ ಇಲ್ಲ. ತಾಟನ್ನು ಮಗಳ ಕಡೆಗೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು, ಆಕೆ ಉಣ್ಣಲು ಕೂಡುವ ತನಕ ಹಾಗೇ ಕೂತ.